ಆರು ಹಾಸಿಗೆ, ಆರು ಜನ

ಕಳೆದ ತಿಂಗಳು ನಾನೊಂದು ಸುಳ್ಳು ಹೇಳಿದೆ. ಬಾಯಿ ತೆರೆಯದೆಯೇ ಹೇಳಿದೆ.

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಅನನ್ಯಾ ಎಂಬ ಹುಡುಗಿಯಿದ್ದಾಳೆ. ಗಣಿತದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. (ಗಣಿತವೆಂದರೆ ನಾವು ಉರು ಹೊಡೆದ ಮಗ್ಗಿಯಲ್ಲ.) ಟಿ.ಬಿ. ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತದೆ ಎಂದು ಕಂಪ್ಯೂಟರಿನಲ್ಲಿ ಸಮೀಕರಣ ಹಾಕಿ ನೋಡುವುದು ಅವಳ ಕೆಲಸ. ಅದಕ್ಕೆ ಹೋಟೆಲ್ ಕೆಲಸಗಾರರು ಮಲಗುವ ಕೋಣೆಗಳ ವಿವರ ಬೇಕಿತ್ತು. ಯಾವ ಕೋಣೆಯಲ್ಲಿ ಅಪಾಯ ಹೆಚ್ಚೆಂದು ಅವಳ ಮಾಡೆಲ್ ಹೇಳುತ್ತದೋ ಅಲ್ಲಿಗೆ ಮೊದಲು ಎಕ್ಸ್‌ರೇ ವ್ಯಾನ್ ಹೋಗುತ್ತದೆ. ವ್ಯಾನ್ ಇರುವುದು ಒಂದೇ.

"ಅಂಕಲ್, ನಂಗೆ ಕನ್ನಡ ಸಮಝ್ ಆಗ್ತದೆ, ಮಾತಾಡೋದು ಥೋಡಾ ಕಷ್ಟ. ನೀವು ಬರ್ತೀರಾ?" ಎಂದಳು.

ಒಪ್ಪಿದೆ. ಒಂದು ಸಂಜೆ ಬೈಕುಲ್ಲಾದ ಜಯರಾಮಣ್ಣನ ಹೋಟೆಲಿಗೇ ಕರೆದುಕೊಂಡು ಹೋದೆ. ಊರು ಬಿಟ್ಟು ಬಂದಾಗ ನನಗೆ ಮೊದಲು ಕೆಲಸ ಕೊಟ್ಟವರು ಅವರು. ಹಗಲು ಅಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ನೈಟ್ ಸ್ಕೂಲಿಗೆ ಹೋಗಿ, ಹೋಟೆಲಿನ ಹಿಂದಿನ ಕೋಣೆಯಲ್ಲೇ ಮಲಗಿ ನಾನು ಮೆಟ್ರಿಕ್ ಪಾಸಾದದ್ದು.

ಆ ಕೋಣೆ ಹಾಗೆಯೇ ಇದೆ. ಕಿಟಕಿ ಇಲ್ಲ. ಒಂದು ಫ್ಯಾನು, ಆರು ಹಾಸಿಗೆ. ಸಂಜೆಯಾದ್ದರಿಂದ ಮಲಗಿದವರು ಯಾರೂ ಇರಲಿಲ್ಲ.

"ಇಲ್ಲಿ ಎಷ್ಟು ಜನ ಮಲಗ್ತಾರೆ?" ಅನನ್ಯಾ ಕೇಳಿದಳು.

"ಆರು ಹಾಸಿಗೆ, ಆರು ಜನ. ಮತ್ತೆ ಎಂತ?" ಎಂದು ಜಯರಾಮಣ್ಣ ನನ್ನ ಮುಖ ನೋಡಿದರು.

ಅವಳು ಆರು ಎಂದು ಬರೆದುಕೊಂಡಳು. ನಾನು ಸುಮ್ಮನಿದ್ದೆ.

ಅಲ್ಲಿ ಮಲಗುವುದು ಹನ್ನೆರಡು ಜನ. ಹಗಲಿನ ಆರು ಜನ ಎದ್ದು ಹೋದ ಮೇಲೆ, ರಾತ್ರಿಯಿಡೀ ಹಿಟ್ಟು ರುಬ್ಬಿದ ಆರು ಜನ ಬಂದು ಅದೇ ಹಾಸಿಗೆಗಳ ಮೇಲೆ ಬೀಳುತ್ತಾರೆ. ಮುಂಬಯಿಯ ಹೋಟೆಲುಗಳಲ್ಲಿ ಇದೇನು ಗುಟ್ಟೇ? ಆದರೆ ಹನ್ನೆರಡು ಎಂದರೆ ಯಾರಾದರೂ ಬಂದು ಕೋಣೆಗೆ ಬೀಗ ಹಾಕಿಸಿಯಾರು ಎಂಬ ಹೆದರಿಕೆ ಜಯರಾಮಣ್ಣನಿಗೆ. ಅನ್ನ ಹಾಕಿದವರ ಎದುರು ಬಾಯಿ ಬಿಡಲು ನನಗೆ ದಾಕ್ಷಿಣ್ಯ.

ಹೊರಡುವಾಗ ದೋಸೆ ಹುಯ್ಯುವ ವಾಸು ಕಾವಲಿಯಿಂದ ಮುಖ ತಿರುಗಿಸಿ ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.

"ಎಷ್ಟು ದಿನ ಆಯ್ತೋ?" ಎಂದು ಕೇಳಿದೆ.

"ಒಂದು ತಿಂಗಳಾಯ್ತು ಅಣ್ಣ. ಒಗ್ಗರಣೆ ಹೊಗೆಗೆ ಹಾಗೆ" ಎಂದ. ಶರ್ಟು ಅವನ ಮೈಮೇಲೆ ಜೋತಾಡುತ್ತಿತ್ತು.

ಮುಂದಿನ ಭಾನುವಾರ ಅನನ್ಯಾ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಕಡಿಮೆ ಜನಕ್ಕೆ ತಗುಲಿದರೆ ರೋಗ ತಾನೇ ಆರಿಹೋಗುತ್ತದೆ, ಒಬ್ಬರಿಗಿಂತ ಹೆಚ್ಚಾದರೆ ಬೆಳೆಯುತ್ತದೆ. ಇಷ್ಟು ನನಗೂ ಅರ್ಥವಾಯಿತು. ಪರದೆಯ ಮೇಲೆ ಬೈಕುಲ್ಲಾದ ಕೋಣೆಯ ಗೆರೆ ಜಾರುಬಂಡಿಯಂತೆ ಕೆಳಗಿಳಿದಿತ್ತು.

"ಇದು ಸೇಫ್ ಅಂಕಲ್. ವ್ಯಾನ್ ಲಿಸ್ಟ್‌ನಲ್ಲಿ ಲಾಸ್ಟ್" ಎಂದಳು.

ನಾನು ಚಹಾದ ಲೋಟ ಕೆಳಗಿಟ್ಟೆ. ಮಾಡೆಲ್ ಎಷ್ಟೇ ಚುರುಕಾಗಿರಲಿ, ನಾವು ಹೇಳಿದ್ದನ್ನು ತಾನೇ ಅದು ನಂಬಬೇಕು?

"ಹನ್ನೆರಡು" ಎಂದೆ. ಪಾಳಿಯ ವಿಷಯ ಹೇಳಿದೆ, ವಾಸುವಿನ ಕೆಮ್ಮಿನ ವಿಷಯವನ್ನೂ ಹೇಳಿದೆ. ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಮಗಳಂಥವಳ ಮುಂದೆ ತಪ್ಪೊಪ್ಪಿಗೆ!

ಅವಳು ಬೈಯಲಿಲ್ಲ. "ಹಾಸಿಗೆಯಿಂದ ಬರಲ್ಲ ಅಂಕಲ್, ಹವಾದಿಂದ ಬರ್ತದೆ. ಕಿಟಕಿ ಇಲ್ಲ ನಾ? ಇವರು ಕೆಮ್ಮಿದ ಗಾಳೀಲೇ ಅವರು ಬಂದು ಮಲಗ್ತಾರೆ" ಎಂದು ಆರನ್ನು ಅಳಿಸಿ ಹನ್ನೆರಡು ಹಾಕಿದಳು. ಇನ್ನೂ ಏನೇನೋ ತಿದ್ದಿದಳು. ಗೆರೆ ಮೇಲೇರತೊಡಗಿತು. ಆಮೇಲೆ ಮೆಲ್ಲಗೆ ಕೇಳಿದಳು: "ಬಾಕಿ ಹೋಟೆಲ್‌ನವರೂ ನಂಗೆ ಹೀಗೇ ಹೇಳಿರ್ತಾರಾ?"

ಎಲ್ಲ ಕೋಣೆಗಳಿಗೂ ಮತ್ತೆ ಹೋಗೋಣ ಎಂದೆ.

ವ್ಯಾನ್ ಆ ವಾರವೇ ಬೈಕುಲ್ಲಾಕ್ಕೆ ಹೋಯಿತು. ಎಕ್ಸ್‌ರೇಯ ಮೇಲೆ ಕಫ ಪರೀಕ್ಷೆಯೂ ಆಗಿ ವಾಸುವಿಗೆ ಟಿ.ಬಿ. ಇರುವುದು ಖಚಿತವಾಯಿತು. ಆರು ತಿಂಗಳ ಮಾತ್ರೆ, ತಪ್ಪದೆ ನುಂಗಿದರೆ ಗುಣವಾಗುತ್ತದೆ. ಅದೇ ಹಾಸಿಗೆಯಲ್ಲಿ ಹಗಲು ಮಲಗುವ ಸಂಜೀವನ ರಿಪೋರ್ಟ್ ಇನ್ನೂ ಬಂದಿಲ್ಲ. ಒಂದೇ ದಿಂಬಿಗೆ ತಲೆಯಿಡುವ ಇವರಿಬ್ಬರು ಕುಳಿತು ಮಾತಾಡಿದ್ದು ಎಕ್ಸ್‌ರೇ ಕ್ಯೂನಲ್ಲೇ ಮೊದಲ ಸಲವಂತೆ.

ಜಯರಾಮಣ್ಣ ಫೋನ್ ಮಾಡಿದರು. ಕೋಣೆಗೆ ಯಾರೂ ಬೀಗ ಹಾಕಿರಲಿಲ್ಲ, ವ್ಯಾನಿನವರು ಗೋಡೆ ಒಡೆದು ಕಿಟಕಿ ಇಡಿಸಲು ಹೇಳಿದ್ದರಷ್ಟೆ. ಆದರೂ ಸಿಟ್ಟು ಇಳಿದಿರಲಿಲ್ಲ.

"ನಮ್ಮವರು ಅಂತ ಒಳಗೆ ಬಿಟ್ಟದ್ದು ಮಾರಾಯ್ರೆ. ನೀವೂ ನಾಲ್ಕು ವರ್ಷ ಅಲ್ಲೇ ಮಲಗಿದವರಲ್ಲವಾ? ನಿಮಗೆಂತ ಆಯ್ತು?"

ನನಗೇನೂ ಆಗಲಿಲ್ಲ. ಆದರೆ ಹಗಲು ನನ್ನ ಹಾಸಿಗೆಯಲ್ಲಿ ಮಲಗುತ್ತಿದ್ದ ಶೀನ ಒಂದು ದಿನ ಕೆಮ್ಮುತ್ತಲೇ ಊರಿಗೆ ಹೋದವನು ತಿರುಗಿ ಬರಲಿಲ್ಲ, ಏಕೆಂದು ನಾನು ಇವತ್ತಿನವರೆಗೂ ಕೇಳಿಲ್ಲ.