ಅರ್ಧದಲ್ಲಿ ನಿಂತ ಸುತ್ತು

ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ಕನ್ನಡ ಮನೆಮಾತಿನ ನೇಕಾರರು ನಾವು; ನಮ್ಮ ಮನೆಯಲ್ಲಿ ರಾಟೆ ತಿರುಗಿಸದ ಕೈ ಇರಲಿಲ್ಲ. ನನ್ನ ಅಣ್ಣ ಮಾರಪ್ಪನ್ ಮಗ್ಗದಲ್ಲಿ ಕೂತರೆ ಅವನ ಮಗಳು ಶಿವಗಾಮಿ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ೧೯೫೭ರಲ್ಲಿ ಅದೇ ಕೈ ಕೊಯಮತ್ತೂರಿನ ಕಾಲೇಜಿನಲ್ಲಿ, ಅಂಕಿ ಇಟ್ಟು ಮುಂದಕ್ಕೆ ತಿರುಗಿಸಿದರೆ ಕೂಡುವ, ಹಿಂದಕ್ಕೆ ತಿರುಗಿಸಿದರೆ ಕಳೆಯುವ ಲೆಕ್ಕದ ಯಂತ್ರದ ಹಿಡಿಯನ್ನೂ ತಿರುಗಿಸತೊಡಗಿತು.

ಅವಳು ಓದುತ್ತಿದ್ದುದು ಗಣಿತದ ಬಿ.ಎಸ್ಸಿ. ನೇರವಾಗಿ ಬಿಡಿಸಲಾಗದ ಸಮೀಕರಣಗಳಿಗೆ ಒಂದು ಅಂದಾಜು ಹಿಡಿದು, ಅದನ್ನೇ ತಿದ್ದುತ್ತ ತಿದ್ದುತ್ತ ಉತ್ತರದ ಹತ್ತಿರ ಹೋಗುವ ಪಾಠ.

“ಮೊದ್ಲು ತಪ್ಪಾಗೇ ಶುರು ಮಾಡ್ಬೇಕು ಅತ್ತೆ,” ಎಂದಳು ಒಮ್ಮೆ ನನಗೆ.

“ಅದಕ್ಕೆ ಕಾಲೇಜ್ ಬೇರೆ ಬೇಕಾ ನನ್ ಕಣ್ಣು? ಮನೇಲೇ ಚೆನ್ನಾಗ್ ಕಲ್ತಿದ್ಯಲ್ಲ!” ಎಂದ ಅಣ್ಣ, ಕಾಲಿಳಿಬಿಟ್ಟು ಕೂತಿದ್ದ ಮಗ್ಗದ ಗುಂಡಿಯಿಂದಲೇ.

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಬಸ್ಸಿಳಿದು ಬಂದವಳು ಊಟವನ್ನೇ ಮುಟ್ಟಲಿಲ್ಲ. ಹಿತ್ತಲಲ್ಲಿ ನನ್ನ ಸೆರಗು ಹಿಡಿದು ಹೇಳಿದಳು: “ಮಿಷಿನ್ ಕೆಡಿಸ್ಬಿಟ್ಟೆ ಅತ್ತೆ. ಇರೋದು ಅದೊಂದೇ. ಎಲ್ಲರ ಪರೀಕ್ಷೇನೂ ಹೋಯ್ತು. ಮೇಲೆ ಬಟ್ಟೆ ಮುಚ್ಚಿ ಬಂದ್ಬಿಟ್ಟೆ. ನಾಳೆಯಿಂದ ಹೋಗಲ್ಲ.”

ಅವಳನ್ನು ಒಳಗೆ ಕರೆತಂದೆ. ಚೌಡೇಶ್ವರಿಗೆ ದೀಪ ಹಚ್ಚಿ, ಕೈ ಸುಮ್ಮನಿರಬಾರದೆಂದು ರಾಟೆಯನ್ನು ಅವಳ ಮುಂದಿಟ್ಟೆ. ಸುತ್ತುತ್ತಿದ್ದಾಗ ನೂಲು ಕಡಿಯಿತು. ನಾವೆಲ್ಲ ಮಾಡುವ ಹಾಗೆಯೇ ನಡುವಿನಲ್ಲಿ ನಿಲ್ಲಿಸಿ, ರಾಟೆಯನ್ನು ಹಿಂದಕ್ಕೆ ತಿರುಗಿಸಿ ತುದಿ ಹಿಡಿದಳು. ಹಿಡಿದವಳು ತನ್ನ ಕೈಯನ್ನೇ ನೋಡುತ್ತ ಕೂತಳು.

“ಮಿಷಿನ್‌ಗೂ ಇದನ್ನೇ ಮಾಡ್ದೆ ಅತ್ತೆ! ಅಂಕಿ ತಪ್ಪಿಟ್ಟಿದ್ದು ಅರ್ಧ ಸುತ್ತಿಗೆ ತಿಳೀತು. ಹಿಡೀನ ಹಿಂದಕ್ಕೆ ಎಳ್ದೆ, ಸಿಕ್ಕಾಕ್ಕೊಂಡ್ಬಿಡ್ತು.”

“ಹಾಗೇ ಹೋಗಿ ವಾದ್ಯಾರ್ ಹತ್ರ ಹೇಳು ಸಾಮಿ,” ಎಂದೆ.

ಅವಳ ಮೇಷ್ಟ್ರು ವ್ಯಾಸರಾಯರ ಮನೆಮಾತೂ ಕನ್ನಡವೇ. ಮರುದಿನ ಎಲ್ಲ ಕೇಳಿ ಅವರು ನಕ್ಕುಬಿಟ್ಟರಂತೆ.

“ರಾಟೆ ಮನೆಯವಳೋ? ಅದಕ್ಕೇ ಮತ್ತೆ! ಇದು ನಡುವೆ ಹಿಂದಕ್ಕೆ ಬರೋದಿಲ್ಲಮ್ಮಾ. ಶುರು ಮಾಡಿದ ಸುತ್ತು ಮುಗಿಸು. ತಪ್ಪಾಗಿದ್ರೆ ಆಮೇಲೆ ಪೂರ್ತಿ ಒಂದು ಸುತ್ತು ಹಿಂದಕ್ಕೆ ತಿರುಗಿಸು, ಕಳೆದುಹೋಗುತ್ತೆ.”

“ಮುರಿದೋದ್ರೆ ಸಾರ್?”

“ನಾನಿದೀನಲ್ಲ. ಮೆಲ್ಲಗೆ ಮುಂದಕ್ಕೆ ತಳ್ಳು.”

ತಳ್ಳಿದಳು. ಟಕ್ಕೆಂದಿತು, ಹಿಡಿ ಸಲೀಸಾಗಿ ಕೆಳಗಿಳಿದು ನಿಂತಿತು. ಒಳಗಿನ ಚಕ್ರಗಳ ಯಾವ ಹಲ್ಲೂ ಮುರಿದಿರಲಿಲ್ಲ. ಆಮೇಲೆ ಪೂರ್ತಿ ಒಂದು ಸುತ್ತು ಹಿಂದಕ್ಕೆ ತಿರುಗಿಸಿ ತಪ್ಪನ್ನು ಕಳೆದಳಂತೆ. ಆ ಸಂಜೆ ಮನೆಗೆ ಬಂದವಳೇ, ಆರಿದ ಸಾರನ್ನೂ ಬಿಡದೆ ಅನ್ನ ಕಲಸಿ ಉಂಡಳು. ಅದನ್ನು ನೋಡಿಯೇ ನನ್ನ ಎದೆ ಹಗುರಾಯಿತು.

ಪರೀಕ್ಷೆ ಚೆನ್ನಾಗಿಯೇ ಆಯಿತು. ಈಗ ಅವಳು ಮೆಟ್ಟುಪಾಳ್ಯಂನ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಟೀಚರು. ರಜೆಗೆ ಬಂದಾಗ ಇಂದಿಗೂ ರಾಟೆಗೆ ಕೂರುತ್ತಾಳೆ. ಆದರೆ ನೂಲು ಕಡಿದರೂ ಸುತ್ತು ಮುಗಿಸದೆ ಕೈ ನಿಲ್ಲಿಸುವುದಿಲ್ಲ. ಕಂಡಿಕೆಯ ಸುತ್ತಿನೊಳಗೆ ಸೇರಿಹೋದ ತುದಿಯನ್ನು ಹುಡುಕುವ ಕೆಲಸ ನನ್ನದು.