ಕಾಲು ಮುರಿದದ್ದು ನನಗೆ, ಹೆಸರು ಬಂದದ್ದು ಅತ್ತೆಗೆ

ಲಗೇಜ್ ಆಟೋದಿಂದ ಹುಲ್ಲು ಕತ್ತರಿಸುವ ಮಷೀನ್ ಇಳಿಸುವಾಗ ಹಲಗೆ ಜಾರಿತು. ಮಷೀನಿಗೆ ಏನೂ ಆಗಲಿಲ್ಲ. ನನ್ನ ಬಲಗಾಲಿನ ಮೂಳೆ ಮುರಿಯಿತು.

ಇದು ನಡೆದದ್ದು ನಂದಿ ಹತ್ತಿರದ ಒಂದು ಫಾರ್ಮ್‌ಹೌಸಿನ ಗೇಟ್ ಮುಂದೆ. ಜೊತೆಗೆ ಕೆಲಸ ಮಾಡುವ ಶಾಹೀನ್ ಅದೇ ಆಟೋದಲ್ಲಿ ನನ್ನನ್ನು ಮಲಗಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಕರೆತಂದಳು. ಆಪರೇಷನ್ ಆಯಿತು, ಪ್ಲೇಟ್ ಹಾಕಿದರು. ಬೇಸಿಗೆ ಮುಗಿಯುವವರೆಗೂ ಕೆಲಸದ ಮಾತೆತ್ತಬೇಡಿ ಎಂದರು ಡಾಕ್ಟರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ... ನಂದಿ ಕಡೆ, ಕೈವಾರದ ರಸ್ತೆ ಕಡೆ ಇರುವ ಫಾರ್ಮ್‌ಹೌಸ್, ಹೋಂಸ್ಟೇಗಳ ಲಾನ್ ನೋಡಿಕೊಳ್ಳುವುದು ನನ್ನ ಬಿಸಿನೆಸ್. ನಾನೇ ಮನೆಮನೆ ಅಲೆದು ಶುರು ಮಾಡಿದ್ದು.

ನನ್ನ ಕಾಲು ಮುರಿದಿದೆ ಅಂತ ಹುಲ್ಲು ಬೆಳೆಯುವುದನ್ನು ನಿಲ್ಲಿಸುತ್ತದೆಯೇ? ಶಾಹೀನ್ ಮಷೀನ್ ಓಡಿಸುತ್ತಾಳೆ, ಆದರೆ ಓನರ್‌ಗಳ ಜೊತೆ ಮಾತಾಡಲು ಅವಳಿಗೆ ಸಂಕೋಚ. ಯಜಮಾನರಿಗೆ ಫ್ಯಾಕ್ಟರಿ ಬಸ್ ಓಡಿಸುವ ಡ್ಯೂಟಿ.

ಆಗ ಅತ್ತೆ ಅಡುಗೆಮನೆಯಿಂದಲೇ ಹೇಳಿದರು. "ನಾನ್ ಹೋಗ್ತೀನಿ ಬಿಡಮ್ಮ."

ನಾವು ನಕ್ಕೆವು. ಗೌರಿಬಿದನೂರಿನಿಂದ ಮದುವೆಯಾಗಿ ಬಂದ ಮೇಲೆ ಮಾರ್ಕೆಟ್ಟು, ದೇವಸ್ಥಾನ ಬಿಟ್ಟು ಎಲ್ಲಿಗೂ ಒಬ್ಬರೇ ಹೋದವರಲ್ಲ ಅವರು. ಮರುದಿನ ಬೆಳಿಗ್ಗೆ ನನ್ನ ಕ್ಯಾನ್ವಾಸ್ ಶೂ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಟಿಫನ್ ಬ್ಯಾಗ್ ಹಿಡಿದು ಆಟೋ ಹತ್ತಿಯೇಬಿಟ್ಟರು.

ಮೊದಮೊದಲು ನನಗೆ ಸಮಾಧಾನವೇ ಆಯಿತು.

ಆಮೇಲೆ ಒಂದು ಸಂಜೆ ಅತ್ತೆ ಬ್ಯಾಗ್ ತುಂಬ ದ್ರಾಕ್ಷಿ ತಂದರು. ನಂದಿಯ ಫಾರ್ಮ್‌ಹೌಸಿನ ಮೇಡಂ ಕೊಟ್ಟಿದ್ದಂತೆ. ಜಗಲಿಯಲ್ಲಿ ಕೂರಿಸಿ ಕಾಫಿಯನ್ನೂ ಕೊಟ್ಟರಂತೆ. ಅದೇ ಮೇಡಂ ಮನೆಯಲ್ಲಿ ನಾನು ಗೇಟಿನ ಪಕ್ಕದ ನಲ್ಲಿಯಲ್ಲಿ ನೀರು ಕುಡಿದು ಬರುತ್ತಿದ್ದೆ.

ಇನ್ನೊಂದು ಕಡೆ ಅತ್ತೆ, ಒಂದೇ ಸಲಕ್ಕೆ ಕೆಲಸ ಮುಗಿಯಲಿ ಅಂತ ಹುಲ್ಲನ್ನು ತೀರಾ ಬುಡಕ್ಕೆ ಕತ್ತರಿಸಲು ಶಾಹೀನ್‌ಗೆ ಹೇಳಿದರು. ಬಿಸಿಲಿಗೆ ಲಾನ್ ನಡುವೆ ಒಣಗಿ ಹಳದಿಯಾಯಿತು. ನಾನು ಹೆದರಿ ಓನರ್‌ಗೆ ಫೋನ್ ಮಾಡಿದೆ. ನಿಮ್ಮ ಅತ್ತೆ ಪಾಪ ವಯಸ್ಸಾದವರು, ಪರವಾಗಿಲ್ಲ ಬಿಡಿ ಎಂದರು ಅವರು!

ನನ್ನ ಕೈಯಲ್ಲಿ ಒಂದು ಅಂಗೈಯಗಲ ಒಣಗಿದರೂ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಿದ್ದ ಮನುಷ್ಯ.

ನನ್ನನ್ನು ನೋಡಲು ಬಂದ ಶಾಹೀನ್ ಕೂಡ ಬರೀ ಅತ್ತೆಯ ಸುದ್ದಿಯನ್ನೇ ಹೇಳಿದಳು. ಅಮ್ಮ ಹೀಗೆ ನಗಿಸಿದರು, ಅಮ್ಮ ಹಾಗೆಂದರು... ನನ್ನ ಕಾಲು ಹೇಗಿದೆ ಅಂತ ಕೇಳಿದ್ದು ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ.

ಹಗಲೆಲ್ಲ ನಾನು ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಸಂಜೆ ಗೇಟಿನ ಸದ್ದಾಗುತ್ತಿತ್ತು. ಅತ್ತೆ ಮೆಟ್ಟಿಲ ಮೇಲೆ ಉಸ್ಸಪ್ಪಾ ಅಂತ ಕೂತು, "ಒಂಚೂರು ಕಾಫಿ ಕೊಡ್ತೀಯೇನಮ್ಮ, ಕಾಲೆಲ್ಲ ಸೆಳೀತಾ ಇದೆ" ಅನ್ನುತ್ತಿದ್ದರು.

ಅದು ನನ್ನ ಮಾತು. ದಿನಾ ಅದೇ ಮೆಟ್ಟಿಲ ಮೇಲೆ ಕೂತು ನಾನು ಅವರಿಗೆ ಹೇಳುತ್ತಿದ್ದ ಮಾತು.

ವಾಕರ್ ಹಿಡಿದು ಕುಂಟುತ್ತಾ ಹೋಗಿ ಕಾಫಿಗಿಡುವಾಗ ಅವರ ಕಾಲುನೋವಿನ ಮೇಲೂ ನನಗೆ ಹೊಟ್ಟೆಕಿಚ್ಚು. ದುಡಿದು ಬಂದ ನೋವು ಅದು. ನನ್ನದು ಸುಮ್ಮನೆ ಬಿದ್ದುಕೊಂಡಿದ್ದ ನೋವು.

ಮಳೆಗಾಲ ಶುರುವಾಗುವ ಹೊತ್ತಿಗೆ ಡಾಕ್ಟರು ಇನ್ನು ಕೆಲಸಕ್ಕೆ ಹೋಗಬಹುದು ಎಂದರು. ಮರುದಿನ ಬೆಳಿಗ್ಗೆ ನಾನು ಟೋಪಿ ಹಾಕಿಕೊಂಡು ಹೊರಗೆ ಬಂದರೆ ಅತ್ತೆ ಆಗಲೇ ರೆಡಿಯಾಗಿ ಬಾಗಿಲಲ್ಲಿ ನಿಂತಿದ್ದಾರೆ.

"ಅತ್ತೆ, ಇನ್ನು ನೀವು ರೆಸ್ಟ್ ತಗೊಳ್ಳಿ" ಅಂದೆ. ಕೇಳಿದವರಿಗೆ ಅದು ಕಾಳಜಿಯ ಮಾತು. ನನಗೆ ಗೊತ್ತಿತ್ತು ಅದು ಏನಂತ.

"ಸರ್ಲೇಮ್ಮ" ಅಂದರು ಅತ್ತೆ, ಸರಿ ಬಿಡಮ್ಮ ಅಂತ. ಬೇಸರವಾದಾಗ ಅವರ ಬಾಯಲ್ಲಿ ತೆಲುಗೇ ಬರುವುದು. ಕೂತು ಶೂ ಲೇಸ್ ಬಿಚ್ಚಲು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿದರು.

"ಈ ಮನೇಲಿ ಯಾರಾದ್ರೂ ನನ್ನ ಹೆಸ್ರಿಡಿದು ಕರ್ದಿದ್ದು ಕೇಳಿದೀಯೇನಮ್ಮ? ಅಲ್ಲಿ ವೆಂಕಟಲಕ್ಷ್ಮಮ್ಮ ಬಂದ್ರು ಅಂತಾರೆ. ಇನ್ನೊಂದಷ್ಟ್ ದಿನ ಕೇಳಿಸ್ಕೊಂತೀನಿ ಕಣಮ್ಮ."



ನಾನು ಈ ಕೆಲಸಕ್ಕೆ ಇಳಿದದ್ದೂ ಅದಕ್ಕೇ. ಮನೆಯಲ್ಲಿ ಸೊಸೆ, ಹೊರಗೆ ಬಸ್ ಡ್ರೈವರ್ ಹೆಂಡತಿ. ಆ ಹುಲ್ಲಿನ ಮೇಲೆ ಮಾತ್ರ ನಾನು ಮಂಜುಳಾ ಮೇಡಂ. ನನ್ನದು ಅಂತ ಇದ್ದ ಆ ಒಂದು ಜಾಗಕ್ಕೂ ಅತ್ತೆ ಬಂದುಬಿಟ್ಟರಲ್ಲ ಅಂತ ಉರಿಯುತ್ತಿದ್ದವಳಿಗೆ, ಅವರಿಗೆ ಅಂಥ ಜಾಗ ಇರಲೇ ಇಲ್ಲ ಅನ್ನುವುದು ಹೊಳೆದಿರಲಿಲ್ಲ.

ಬಗ್ಗಿ ಲೇಸ್ ನಾನೇ ಕಟ್ಟಿದೆ. ಕಾಲು ಚುಳ್ ಅಂತು. "ಹೋಗಣ ಬನ್ನಿ ಅತ್ತೆ" ಅಂದೆ.

ಆದರೆ ಕಂಡೀಷನ್ ಹಾಕಿದೆ. ಕೈವಾರದ ರಸ್ತೆಯ ಲಾನ್‌ಗಳು ಅವರಿಗೆ, ನಂದಿಯವು ನನಗೆ. ಶಾಹೀನ್‌ಗೆ ಯಾರ ಜೊತೆ ಇರುತ್ತೀಯ ಅಂತ ಕೇಳಿದರೆ ಇಬ್ಬರ ಮುಖವನ್ನೂ ನೋಡಿ, ಬೆಳಿಗ್ಗೆ ನಂದಿ, ಮಧ್ಯಾಹ್ನ ಕೈವಾರ ಅಂದಳು. ಜಾಣೆ!

ಮನೆಯಲ್ಲಿ ಯಜಮಾನರು ಈಗ ಚಿತ್ರಾನ್ನ ಕಲಿತಿದ್ದಾರೆ. ಉಪ್ಪು ಹೆಚ್ಚಾಗಿದ್ದರೂ ನಾವಿಬ್ಬರೂ ಹೊಗಳಿ ಉಣ್ಣುತ್ತೇವೆ.

ಎಲ್ಲ ಸರಿಹೋಯಿತು ಅಂದುಕೊಂಡಿರಾ? ನಿನ್ನೆ ಅತ್ತೆ ಮುರುಗಮಲ್ಲದ ಕಡೆ ಒಂದು ಹೊಸ ಲಾನ್ ಹಿಡಿದುಕೊಂಡು ಬಂದರು, ತಾವೇ ಹೋಗಿ ಮಾತಾಡಿ. ನಾನು ಕೈ ಹಿಡಿದು ಖುಷಿಯಿಂದ ಕುಲುಕಿದೆ. ಖುಷಿ ನಿಜವೇ. ಆದರೆ ಒಳಗೆ ಹೋಗಿ ಅವರ ಲಾನ್ ಎಷ್ಟು, ನನ್ನವು ಎಷ್ಟು ಅಂತ ಬೆರಳು ಮಡಚಿ ಎಣಿಸಿದೆ.

ನಮ್ಮವರೇ ಗೆದ್ದಾಗ ಕಣ್ಣಲ್ಲಿ ಸಂತೋಷ, ಹೊಟ್ಟೆಯಲ್ಲಿ ಕಿಚ್ಚು... ಹೀಗಾಗುವುದು ನನಗೊಬ್ಬಳಿಗೇನಾ, ನಿಮಗೂ ಆಗಿದೆಯಾ?