ಕಳ್ಳರ ಎತ್ತು

ಮದುವೆಗೆ ಮುಂಚಿನ ಕೊನೆಯ ಭಾನುವಾರ ನಾನು ಒಂದು ಎತ್ತಿನ ವಿಷಯಕ್ಕೆ ಮನೆಯವರೆಲ್ಲರ ತಲೆ ತಿಂದೆ. ಎತ್ತು ನಿಜದ್ದೂ ಅಲ್ಲ, ಆಟದ್ದು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪನ ಮಗ, ನನ್ನ ಅಣ್ಣ, ಯಾರಿಂದಲೋ ಒಂದು ಇಂಗ್ಲಿಷ್ ಪುಸ್ತಕದ ಜೆರಾಕ್ಸ್ ತಂದಿದ್ದ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗುತ್ತಾರೆ, ಆಗುಹೋಗುಗಳನ್ನು ದಾಳ ಹೇಳುತ್ತದೆ. ಪುಸ್ತಕ ಕೇಳುವ ಇಪ್ಪತ್ತು ಮುಖದ ದಾಳ ನಮ್ಮೂರು ಕಳಲೆಯಲ್ಲಿ ಎಲ್ಲಿ ಸಿಗಬೇಕು? ಪ್ರತಿ ಭಾನುವಾರ ಕೂತು ಚೌಕಾಬಾರದ ಕವಡೆಗಳನ್ನೇ ಹಾಕುತ್ತಿದ್ದೆವು. ಕಥೆ ಅಣ್ಣನದು. ಅತ್ತಿಗೆ ಅವರೆಕಾಯಿ ಸುಲಿಯುತ್ತಲೇ ನಾಟಿ ವೈದ್ಯೆಯಾಗುತ್ತಿದ್ದರು. ನಾನು ಒಂಟಿ ಎತ್ತಿನ ಗಾಡಿ ಕಟ್ಟಿಕೊಂಡು ಹೊಳೆಯ ದಂಡೆಗುಂಟ ಸಮುದ್ರ ನೋಡಲು ಹೊರಟ ಹೆಂಗಸು.

ಸಮುದ್ರ ನಾನು ಕಂಡವಳಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತು ಕೂತು ಕಾಲು ಕಟ್ಟಿಹಾಕಿದ ಹಾಗಾಗಿತ್ತು. ಗೊತ್ತಾದ ಗಂಡು ತಿ. ನರಸೀಪುರದವರು. ನಮ್ಮ ಕಪಿಲೆ ಅಲ್ಲಿ ಕಾವೇರಿಯನ್ನು ಸೇರಿ ಮುಂದಕ್ಕೆ ಹರಿಯುತ್ತಾಳೆ. ನಾನು ಅಲ್ಲೇ ನಿಲ್ಲಬೇಕು. ಅದಕ್ಕೇ ಆ ಭಾನುವಾರ ಕಳೆಯುವುದರೊಳಗೆ ಆಟದ ಹೆಂಗಸಾದರೂ ಸಮುದ್ರ ಮುಟ್ಟಲಿ ಎಂಬ ಹಟ.

ಅರ್ಧ ದಾರಿಯಲ್ಲಿ ಅವಳಿಗೆ ಹಾವು ಕಚ್ಚಿತು. ಗಾಡಿಯಲ್ಲೇ ಪ್ರಜ್ಞೆ ತಪ್ಪಿ ಬಿದ್ದಳು. ಮದ್ದು ಇದ್ದದ್ದು ವೈದ್ಯೆಯ ಹತ್ತಿರ, ನಾವು ಹಿಂದಿನ ಊರಿನಲ್ಲಿ ತಂಗಿದ್ದ ಮನೆಯಲ್ಲಿ. ಎತ್ತು ಅಲ್ಲಿಗೆ ತಿರುಗಿದರೆ ಜೀವ ಉಳಿಯುತ್ತದೆ.

"ಪ್ರಾಣಿ ಒಡೆಯನ ಮಾತು ಕೇಳ್ತದೆ ಅಂತ ಪುಸ್ತಕದಲ್ ಅದೆ," ಎಂದ ಅಣ್ಣ. "ಒಡತಿಗೇ ಮಾತಿಲ್ಲ. ಎತ್ತು ಅದೆಂಗೆ ಓಯ್ತದೆ?"

"ಮಾತೇ ಏಳ್ದಿದ್ರೆ ಏನ್ ಮಾಡ್ತದೆ ಅಂತ ಬರ್ದವ್ರಾ?"

ಬರೆದಿರಲಿಲ್ಲ. ಅಣ್ಣ ಪುಟ ತಿರುವಿದ, ಮತ್ತೆ ತಿರುವಿದ. ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ಈ ಪುಸ್ತಕ ಬರೆದವರು ಜನ್ಮದಲ್ಲಿ ಎತ್ತಿನ ಹಗ್ಗ ಹಿಡಿದವರಲ್ಲ ಎಂದು ರೇಗಿದೆ. ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಅಪ್ಪನನ್ನು ಸಾಕ್ಷಿಗೆ ಕರೆದೆ.

"ಅಪ್ಪ, ಸಂತೆಯಿಂದ ಬರೋವಾಗ ನೀನು ಗಾಡೀಲಿ ನಿದ್ದೆ ಓಗ್ಬುಟ್ರೆ ಎತ್ತು ನಿಂತ್ಕತಿದ್ವಾ?"

"ಅವ್ಯಾಕ್ ನಿಂತ್ಕಂಡವು? ತಮ್ಮ ಪಾಡಿಗೆ ತಾವು ಮನೆಗೆ ಬತ್ತಿದ್ವು."

ಹಾಗಾದರೆ ರಾತ್ರಿ ಹುಲ್ಲು ತಿಂದ ಮನೆಗೆ ಎತ್ತು ತಾನಾಗಿಯೇ ತಿರುಗುತ್ತದೆಂದು ಅಣ್ಣ ಸೋಲೊಪ್ಪಿದ. ನಾನು ಗೆದ್ದ ಠೀವಿಯಲ್ಲಿ ಕವಡೆ ಎತ್ತಿಕೊಂಡೆ.

ಆದರೆ ಅಪ್ಪ ಮಾತು ನಿಲ್ಲಿಸಲಿಲ್ಲ. "ಒಂದ್ಸಲ ಮಾತ್ರ, ಹೆಮ್ಮರಗಾಲದಿಂದ ಹೊಸ ಜೋಡಿ ತಂದಿದ್ದೆ. ನಂಜನಗೂಡಿಂದ ಬರ್ತಾ ಕಣ್ ಮುಚ್ಕಂಡೆ. ಕಣ್ ಬುಟ್ಟು ನೋಡಿದ್ರೆ, ಮಾರಿದ್ನಲ್ಲ, ಅವ್ನ ಕೊಟ್ಟಿಗೆ ಮುಂದೆ ನಿಂತಿವ್ನಿ!"

ಅತ್ತಿಗೆ ಬಿದ್ದು ಬಿದ್ದು ನಕ್ಕರು. ಅಣ್ಣ ನಗಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ನಿನ್ ಎತ್ತು ಎಲ್ಲಿಂದ ತಂದಿದ್ದೆ?"

ಎತ್ತಿಕೊಂಡಿದ್ದ ಕವಡೆ ಕೆಳಗಿಟ್ಟೆ. ಹಿಂದಿನ ಭಾನುವಾರ ಅದನ್ನು ಕಳ್ಳರ ಕೊಟ್ಟಿಗೆಯಿಂದ ಬಿಚ್ಚಿಕೊಂಡು ಬಂದವಳು ನಾನೇ. ನಾನೇ ಕರೆದ ಸಾಕ್ಷಿಯ ಮಾತಿನಲ್ಲಿ ಅರ್ಧ ಇಟ್ಟುಕೊಂಡು ಅರ್ಧ ಬಿಡುವ ಹಾಗಿರಲಿಲ್ಲ. ಎತ್ತು ತಿರುಗಿ ಕಳ್ಳರ ಗುಡ್ಡದ ದಾರಿ ಹಿಡಿಯಿತು. ಅಣ್ಣನಿಗೆ ಕರುಣೆ ಬಂದಿರಬೇಕು, ಅವಳನ್ನು ಸಾಯಿಸಲಿಲ್ಲ. ಕಳ್ಳರೇ ಮದ್ದು ಹಾಕಿ ಬದುಕಿಸಿ, ಅಲ್ಲೇ ಇರಿಸಿಕೊಂಡರು.

"ಬದುಕವ್ಳೆ ತಾನೆ, ಬುಡು," ಎಂದ.

ಬೆಳಗಾದರೆ ಚಪ್ಪರದ ಕೆಲಸ. ಅವಳನ್ನು ಬಿಡಿಸಿಕೊಂಡು ಬರಲು ಇನ್ನೊಂದು ಭಾನುವಾರ ಇರಲಿಲ್ಲ. ಕವಡೆಗಳನ್ನು ಡಬ್ಬಿಗೆ ಹಾಕುತ್ತಾ ಅಪ್ಪನನ್ನು ಕೇಳಿದೆ, ಆ ಹೆಮ್ಮರಗಾಲದ ಜೋಡಿ ಆಮೇಲೆ ಏನಾಯಿತೆಂದು.

"ಏನಾದದು? ಸ್ವಲ್ಪ ದಿನ ಆ ಕಡೀಕೆ ಮೊಕ ಮಾಡ್ಕಂಡು ಕೂಗ್ತಿದ್ವು. ಆಮೇಲೆ ನಮ್ಮನೇನೆ ಅವುಕ್ಕೂ ಮನೆ ಆಯ್ತು." ಅಷ್ಟು ಹೇಳಿ ನನ್ನ ಮುಖ ನೋಡಿದ ಅಪ್ಪ ತಲೆ ಸವರಿದ. "ಎಲ್ಲಾ ಒಗ್ಗೋಯ್ತದೆ ಕಣವ್ವ."

ಅವನು ಸಮಾಧಾನಕ್ಕೆಂದೇ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು. ಒಗ್ಗುವುದು ನನಗೆ ಬೇಕಿರಲಿಲ್ಲ. ಸಮುದ್ರ ನೋಡಬೇಕಿತ್ತು.